ಯೊಶ್ಶಾ ಎಂದ ಮನುಷ್ಯ

2024ರ ಜನವರಿ 8ರಂದು ಟೋಕಿಯೋದ ಮೇಜಿರೋ ಪ್ರದೇಶದಲ್ಲಿ ಒಂದು ಹಳೆಯ ದೊಡ್ಡ ಮನೆ ಸುಟ್ಟು ಬೂದಿಯಾಯಿತು. ಮನೆಯ ಪೂಜಾಪೀಠದ ಮುಂದೆ ಹಚ್ಚಿದ್ದ ಊದುಬತ್ತಿಯಿಂದ ಬೆಂಕಿ ಹತ್ತಿರಬೇಕೆಂದು ಪತ್ರಿಕೆಗಳು ಬರೆದವು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಆದರೂ ಅಂದು ಸಂಜೆ ನನ್ನ ಕಚೇರಿಯ ಹಿರಿಯ ಸಹೋದ್ಯೋಗಿಗಳು ಫೋನಿನಲ್ಲಿ ಆ ಹೊಗೆಯ ಚಿತ್ರಗಳನ್ನು ನೋಡುತ್ತಾ ಹೆಚ್ಚು ಮಾತಾಡದೆ ಕುಳಿತಿದ್ದ ರೀತಿ, ಯಾರೋ ದೂರದ ಸಂಬಂಧಿಯ ಸಾವಿನ ಸುದ್ದಿ ಬಂದಂತಿತ್ತು. ಅದು 1972ರಿಂದ 1974ರವರೆಗೆ ಜಪಾನಿನ ಪ್ರಧಾನಿಯಾಗಿದ್ದ ಕಾಕುಯೇ ತನಾಕಾನ ಮನೆ. ಲಂಚ ಪಡೆದ ಅಪರಾಧಕ್ಕೆ ನಾಲ್ಕು ವರ್ಷಗಳ ಶಿಕ್ಷೆಗೆ ಗುರಿಯಾದ ಮನುಷ್ಯನ ಮನೆ. (ಜಪಾನೀಯರು ಉಚ್ಚರಿಸುವ ಹಾಗೆಯೇ ಬರೆದರೆ ಈ ಹೆಸರು ಕನ್ನಡದಲ್ಲಿ ‘ತನಕ’ ಎಂದಾಗಿಬಿಡುತ್ತದೆ. ‘ಅಲ್ಲಿಯ ತನಕ, ಇಲ್ಲಿಯ ತನಕ’ ಎಂಬ ಗೊಂದಲ ಬೇಡವೆಂದು ದೀರ್ಘ ಎಳೆದಿದ್ದೇನೆ.)

ಅದರ ಮರುತಿಂಗಳು ನಾನು ರೈಲು ಹತ್ತಿ, ನೀಗಾತ ಪ್ರಾಂತ್ಯದಲ್ಲಿ ಆತನ ಕ್ಷೇತ್ರಕ್ಕೆ ಸೇರಿದ್ದ ಉರಾಸಾ ಎಂಬ ಊರಿಗೆ ಹೋದೆ. ಹೋಗಲು ಬಲವಾದ ಕಾರಣವೇನೂ ಇರಲಿಲ್ಲ. ಬಹಳ ದಿನಗಳಿಂದ ಒಂದು ಸಂಖ್ಯೆ ನನ್ನನ್ನು ಕಾಡುತ್ತಿತ್ತು, ಅಷ್ಟೆ. 1983ರ ಅಕ್ಟೋಬರ್ 12ರಂದು ಟೋಕಿಯೋ ಜಿಲ್ಲಾ ನ್ಯಾಯಾಲಯ ತನಾಕಾನಿಗೆ ನಾಲ್ಕು ವರ್ಷಗಳ ಸಜೆಯನ್ನೂ 50 ಕೋಟಿ ಯೆನ್ ದಂಡವನ್ನೂ ವಿಧಿಸಿತು. ಅದಾಗಿ ಎರಡು ತಿಂಗಳು ಕಳೆದು, ಡಿಸೆಂಬರ್ 18ರಂದು ನಡೆದ ಸಾರ್ವತ್ರಿಕ ಚುನಾವಣೆಯಲ್ಲಿ ಆತನ ಕ್ಷೇತ್ರದ ಜನ ಆತನಿಗೆ 2,20,761 ಮತಗಳನ್ನು ಕೊಟ್ಟರು. ಅದು ಆತನ ಜೀವಮಾನದಲ್ಲೇ ಬಂದ ಅತಿ ಹೆಚ್ಚಿನ ಮತ. ದೇಶದ ಉಳಿದ ಭಾಗಗಳಲ್ಲಿ ಆತನ ಮೇಲಿನ ಸಿಟ್ಟಿಗೆ ಆಡಳಿತ ಪಕ್ಷ ಬಹುಮತವನ್ನೇ ಕಳೆದುಕೊಂಡಿತ್ತು. ಟೋಕಿಯೋದ ಪತ್ರಿಕೆಗಳು ಆ ಮತದಾರರನ್ನು ತಿಳಿಗೇಡಿಗಳೆಂಬಂತೆ ನೋಡಿದವು. ನನಗೆ ಆ ವಿವರಣೆ ಎಂದೂ ಸಮಾಧಾನ ತಂದಿರಲಿಲ್ಲ. ಎರಡು ಲಕ್ಷಕ್ಕೂ ಮಿಕ್ಕ ಜನ ಒಂದೇ ದಿನ ಒಟ್ಟಿಗೆ ದಡ್ಡರಾಗುವುದು ಅಷ್ಟು ಸುಲಭವಲ್ಲ.

ಹೊರಟಾಗ ಟೋಕಿಯೋ ಇರುವ ಕಾಂತೋ ಬಯಲಿನಲ್ಲಿ ಒಣ ಬಿಸಿಲಿತ್ತು, ಆಕಾಶ ತೊಳೆದಿಟ್ಟ ಹಾಗೆ ನೀಲಿಯಾಗಿತ್ತು. ರೈಲು 22 ಕಿಲೋಮೀಟರ್ ಉದ್ದದ ದೈಶಿಮಿಜು ಸುರಂಗವನ್ನು ಹೊಕ್ಕಿತು. ಕಿಟಕಿಯಲ್ಲಿ ನನ್ನದೇ ಮುಖ ನೋಡುತ್ತಾ ಕುಳಿತು ಹೊರಬಂದಾಗ ಬಣ್ಣಗಳೆಲ್ಲ ಹೋಗಿದ್ದವು. ಸೈಬೀರಿಯಾದಿಂದ ಬರುವ ಚಳಿಗಾಳಿ ಜಪಾನ್ ಸಮುದ್ರದ ತೇವವನ್ನು ಹೀರಿಕೊಂಡು ಬಂದು ಬೆಟ್ಟಸಾಲಿಗೆ ಬಡಿಯುತ್ತದೆ, ಇದ್ದಬದ್ದ ಹಿಮವನ್ನೆಲ್ಲ ನೀಗಾತದ ಕಡೆಗೇ ಸುರಿದು, ಒಣಗಿ, ಟೋಕಿಯೋದ ಕಡೆಗೆ ಇಳಿಯುತ್ತದೆ. ಒಂದೇ ಬೆಟ್ಟದ ಎರಡು ಮಗ್ಗುಲಲ್ಲಿ ಎರಡು ಹಣೆಬರಹ. ಉರಾಸಾದಲ್ಲಿ ಬೆರಳೆಣಿಕೆಯ ಮಂದಿ ಇಳಿದೆವು. ಬುಲೆಟ್ ರೈಲು ನಿಲ್ಲುವಂಥ ಊರು ಇದಲ್ಲವೆಂದು ಮೊದಲ ನೋಟಕ್ಕೇ ತಿಳಿಯುತ್ತದೆ. ಹೊರಗೆ ಎತ್ತರದ ಪೀಠದ ಮೇಲೆ ಬಲಗೈ ಎತ್ತಿ ನಿಂತ ಕಂಚಿನ ತನಾಕಾ ಇದ್ದಾನೆ. ಹಿಮ ತಲೆಯ ಮೇಲೆ ಕೂರದಿರಲೆಂದು ಆ ಪ್ರತಿಮೆಗೊಂದು ಸೂರು ಹಾಕಿದ್ದಾರೆ. ದೇಶದ ರಾಜಧಾನಿಯಲ್ಲಿ ಭ್ರಷ್ಟಾಚಾರದ ಪರ್ಯಾಯಪದವಾದ ಮನುಷ್ಯನ ತಲೆ ಇಲ್ಲಿ ನೆನೆಯಬಾರದು.

ಹಿಂಬದಿಯ ಜಪಾನ್

ನೀಗಾತ ಇರುವ ಈ ಪಶ್ಚಿಮ ಕರಾವಳಿಯನ್ನು ಬಹಳ ಕಾಲ ‘ಉರಾ ನಿಹೋನ್’ ಎನ್ನುತ್ತಿದ್ದರು, ಅಂದರೆ ಹಿಂಬದಿಯ ಜಪಾನ್. ಮನೆಯ ಹಿತ್ತಿಲಿದ್ದ ಹಾಗೆ. ಅಕ್ಕಿ, ದುಡಿಯುವ ಕೈ, ನೀರು ಮತ್ತು ವಿದ್ಯುತ್ ಹಿತ್ತಿಲಿನಿಂದ ಮುಂಬಾಗಿಲಿಗೆ ಹೋಗಬೇಕು. ಮುಂಬಾಗಿಲಿಗೆ ಬಂದದ್ದು ಹಿತ್ತಿಲಿಗೆ ಬರಬೇಕೆಂಬ ನಿಯಮವಿಲ್ಲ. ಇಂಥ ಕಡೆ, ಫುತಾದಾ ಎಂಬ ಹಳ್ಳಿಯಲ್ಲಿ, 1918ರ ಮೇ 4ರಂದು ತನಾಕಾ ಹುಟ್ಟಿದ. ತಂದೆ ದನ ಮತ್ತು ಕುದುರೆಗಳ ವ್ಯಾಪಾರಿ. ಜೂಜಿನ ಗುಣದ ಆತ ಕೈಸುಟ್ಟುಕೊಂಡಿದ್ದೇ ಹೆಚ್ಚು. ಗದ್ದೆ ಕೆಲಸ ತಾಯಿಯ ಪಾಲಿಗೆ. ಹುಡುಗನಿಗೆ ಉಗ್ಗು. ನಾನಿವಾಬುಷಿ ಎಂಬ ಜನಪದ ಕಥನಗೀತೆಗಳನ್ನು ಗಟ್ಟಿಯಾಗಿ ಹಾಡುತ್ತಾ ಅವನು ಆ ಉಗ್ಗನ್ನು ತಾನೇ ಗೆದ್ದ ಕಥೆ ಜಪಾನಿನಲ್ಲಿ ಎಲ್ಲರಿಗೂ ಗೊತ್ತು. ಮುಂದೆ ಆತನ ಭಾಷಣಗಳಲ್ಲಿದ್ದ ಗೊಗ್ಗರು ಧ್ವನಿ ಮತ್ತು ಆ ಲಯ ಅಲ್ಲಿಂದಲೇ ಬಂದವೆಂದು ಹೇಳುವವರಿದ್ದಾರೆ. ಹಿರಿಯ ಪ್ರಾಥಮಿಕ ಶಾಲೆ ಮುಗಿಸಿ, 1934ರಲ್ಲಿ ಟೋಕಿಯೋಗೆ ಹೋದ. ಹಗಲು ಕಟ್ಟಡ ಗುತ್ತಿಗೆದಾರರ ಬಳಿ ಚಾಕರಿ ಮಾಡಿ ರಾತ್ರಿ ಸಿವಿಲ್ ಎಂಜಿನಿಯರಿಂಗ್ ಕಲಿತ. ಸೈನ್ಯಕ್ಕೆ ಸೇರಿ ಮಂಚೂರಿಯಾಕ್ಕೆ ಹೋದ, ಶ್ವಾಸಕೋಶದ ಕಾಯಿಲೆ ಹಿಡಿದು ವಾಪಸಾದ. ತಾನು ಬಾಡಿಗೆಗಿದ್ದ ಮನೆಯ ಮಗಳು, ತನಗಿಂತ ಎಂಟು ವರ್ಷ ಹಿರಿಯಳಾದ ಹಾನಾಳನ್ನು 1942ರಲ್ಲಿ ಮದುವೆಯಾದ. ಆಕೆ ಮೂರು ಮಾತು ಪಡೆದಿದ್ದಳಂತೆ. ಮನೆಯಿಂದ ಹೊರಗೆ ಹೋಗು ಎನ್ನಬಾರದು, ಒದೆಯಬಾರದು, ಮುಂದೊಂದು ದಿನ ಅರಮನೆಯ ನಿಜುಬಾಶಿ ಸೇತುವೆ ದಾಟುವ ಯೋಗ ಬಂದರೆ ತನ್ನನ್ನೂ ಕರೆದೊಯ್ಯಬೇಕು. ಮೂರನೆಯದನ್ನು ಕೇಳುವ ಧೈರ್ಯ ಆಕೆಗೆ ಎಲ್ಲಿಂದ ಬಂತೋ. ಆದರೆ ಮೊದಲ ಎರಡನ್ನು ಕೇಳಬೇಕಾಗಿ ಬಂದ ಕಾಲವನ್ನೂ ಮರೆಯುವಂತಿಲ್ಲ.

ಯುದ್ಧದ ಕಾಲದಲ್ಲಿ ಕಾಮಗಾರಿಗಳಿಂದ ಹಣ ಮಾಡಿದ ತನಾಕಾ 1946ರಲ್ಲಿ ಚುನಾವಣೆಗೆ ನಿಂತು ಸೋತು, 1947ರಲ್ಲಿ ನೀಗಾತದ ಮೂರನೇ ಕ್ಷೇತ್ರದಿಂದ ಗೆದ್ದ. ಆಗ ವಯಸ್ಸು 28. ಗಡಿಯಲ್ಲಿರುವ ಮಿಕುನಿ ಬೆಟ್ಟವನ್ನೇ ಸಿಡಿಸಿ ಹಾಕಿದರೆ ಹಿಮ ಟೋಕಿಯೋ ಕಡೆಗೆ ಹಾರಿಹೋಗುತ್ತದೆ, ಆ ಮಣ್ಣನ್ನು ಸಮುದ್ರಕ್ಕೆ ಸುರಿದರೆ ಸಾದೋ ದ್ವೀಪಕ್ಕೆ ನಡೆದೇ ಹೋಗಬಹುದು ಎಂದು ಆತ ಆ ದಿನಗಳಲ್ಲಿ ಭಾಷಣ ಮಾಡುತ್ತಿದ್ದ. ಕೇಳಿದವರು ನಕ್ಕರು. ಆದರೆ ಅವರು ನಕ್ಕದ್ದು ಹುಚ್ಚನ ಮಾತಿಗೆ ನಗುವ ಹಾಗಲ್ಲ. ಹಿಮ ದೇವರು ಕೊಟ್ಟದ್ದಲ್ಲ, ಅದನ್ನು ತೆಗೆಯಬಹುದಾದದ್ದು ಎಂದು ಅವರ ಮುಂದೆ ನಿಂತು ಒಬ್ಬ ಮೊದಲ ಸಲ ಹೇಳಿದ್ದ.

1948ರ ಡಿಸೆಂಬರಿನಲ್ಲಿ, ಕಲ್ಲಿದ್ದಲು ಗಣಿಗಳ ರಾಷ್ಟ್ರೀಕರಣವನ್ನು ವಿರೋಧಿಸಲು ಹಣ ಪಡೆದನೆಂಬ ಆರೋಪದ ಮೇಲೆ ತನಾಕಾನನ್ನು ಬಂಧಿಸಿದರು. ಮರುತಿಂಗಳೇ ಚುನಾವಣೆ. ಜೈಲಿನಿಂದಲೇ ಅಭ್ಯರ್ಥಿಯಾಗಿ, ಜಾಮೀನಿನ ಮೇಲೆ ಹೊರಬಂದು, ಉಳಿದ ಕೆಲವೇ ದಿನಗಳಲ್ಲಿ ಹಿಮದ ನಡುವೆ ಓಡಾಡಿ ಗೆದ್ದ. 1951ರಲ್ಲಿ ಮೇಲ್ಮನವಿಯಲ್ಲಿ ಖುಲಾಸೆಯಾಯಿತು. 1983ರಲ್ಲಿ ಇಡೀ ದೇಶವನ್ನು ಬೆಚ್ಚಿಬೀಳಿಸಿದ ನಾಟಕದ ಒಂದು ಸಣ್ಣ ಪ್ರಯೋಗ ಮೂವತ್ತನಾಲ್ಕು ವರ್ಷ ಮೊದಲೇ ಇಲ್ಲಿ ನಡೆದುಹೋಗಿತ್ತು ಎಂಬುದನ್ನು ಟೋಕಿಯೋದ ಪತ್ರಿಕೆಗಳು ಮರೆತಿದ್ದವು. ಕ್ಷೇತ್ರದವರು ಮರೆತಿರಲಿಲ್ಲ.

ಮೇಜಿರೋದ ಬೆಳಗು

ಆಗಿನ ಜಪಾನಿನ ಚುನಾವಣಾ ಪದ್ಧತಿ ಗೊತ್ತಿಲ್ಲದೆ ಈ ಕಥೆ ಅರ್ಥವಾಗುವುದಿಲ್ಲ. ತನಾಕಾನ ಕ್ಷೇತ್ರದಿಂದ ಐವರು ಆಯ್ಕೆಯಾಗಬೇಕು, ಮತದಾರನಿಗಿರುವುದು ಒಂದೇ ಮತ. ಆದ್ದರಿಂದ ಒಂದೇ ಪಕ್ಷದ ಹಲವರು ಪರಸ್ಪರರ ವಿರುದ್ಧವೇ ಸೆಣಸಬೇಕು. ಪಕ್ಷದ ಹೆಸರಿನಿಂದ ಪ್ರಯೋಜನವಿಲ್ಲ, ತನ್ನದೇ ಜನ ಬೇಕು. ತನಾಕಾ 1953ರಲ್ಲಿ ಎತ್ಸುಜಾನ್‌ಕಾಯ್ ಎಂಬ ಬೆಂಬಲಿಗರ ಸಂಘ ಕಟ್ಟಿದ. ಉಚ್ಛ್ರಾಯದ ದಿನಗಳಲ್ಲಿ ಅದರ ಸದಸ್ಯರ ಸಂಖ್ಯೆ 90,000 ಮೀರಿತ್ತು. ಶ್ರೀಮಂತ ಜಮೀನ್ದಾರರು ಬೇರೆ ಅಭ್ಯರ್ಥಿಗಳ ಹಿಂದಿದ್ದರು. ಆದ್ದರಿಂದ ಈತ ಬೆಟ್ಟದ ಸಂದಿಯ ಊರುಗಳಿಂದ, ಬೇರೆ ಅಭ್ಯರ್ಥಿಗಳ ಜೀಪು ಹೋಗದ ಕಡೆಗಳಿಂದ ಶುರುಮಾಡಿದ. ಹಳ್ಳಿಯ ಸಂಘ ಬೇಡಿಕೆ ಬರೆಯುತ್ತದೆ, ತಾಲೂಕಿನ ಸಂಘ ಅದಕ್ಕೆ ಆದ್ಯತೆ ಹಚ್ಚುತ್ತದೆ, ಕೊನೆಗೆ ಬಸ್ಸು ಮಾಡಿಕೊಂಡು ಮೇಜಿರೋದ ಮನೆಗೆ ಹೋಗುತ್ತಾರೆ.

ಆ ಮನೆಯ ಬೆಳಗುಗಳ ಬಗ್ಗೆ ಓದಿದಷ್ಟೂ ನನಗೆ ಬೇಸರವಾಗುವುದಿಲ್ಲ. ನಸುಕಿನಲ್ಲೇ ಸಾಲು ಹತ್ತಿದ ಜನ. ಅಂಗಳದಲ್ಲಿ ದೊಡ್ಡ ಕೊಳ, ಕೊಳದಲ್ಲಿ ನಿಶಿಕಿಗೋಯ್ ಎಂಬ ಬಣ್ಣದ ಮೀನುಗಳು. ಆ ತಳಿ ಹುಟ್ಟಿದ್ದೇ ನೀಗಾತದ ಯಾಮಾಕೋಶಿ ಮತ್ತು ಓಜಿಯಾದ ಬೆಟ್ಟದೂರುಗಳಲ್ಲಿ. ಅಲ್ಲಿಂದ ಅರ್ಜಿ ಹಿಡಿದು ಬಂದವನು ಒಳಗೆ ಕರೆಯುವವರೆಗೆ ತನ್ನೂರಿನ ಮೀನನ್ನೇ ನೋಡುತ್ತಾ ನಿಂತಿರಬಹುದು. ಒಳಗೆ ಬೀಸಣಿಗೆ ಆಡಿಸುತ್ತಾ ಕುಳಿತ ತನಾಕಾ. ಪ್ರತಿ ತಂಡಕ್ಕೆ ಕೆಲವೇ ನಿಮಿಷ. ಆಗುವುದಿದ್ದರೆ ಆಗುತ್ತದೆ, ಆಗದಿದ್ದರೆ ಆಗುವುದಿಲ್ಲ ಎಂದು ಮುಖದ ಮೇಲೇ ಹೇಳುತ್ತಿದ್ದ. ಆಗುವುದಾದರೆ ಒಂದೇ ಪದ: ‘ಯೊಶ್ಶಾ’. ಇದನ್ನು ಕನ್ನಡಕ್ಕೆ ತರುವುದು ಕಷ್ಟ. ‘ಆಯಿತು’ ಎಂದರೆ ಸಪ್ಪೆ, ‘ಒಪ್ಪಿದೆ’ ಎಂದರೆ ಬಿಗುಮಾನ. ತೂಕದ ಮೂಟೆಯನ್ನು ಬೆನ್ನಿಗೇರಿಸಿಕೊಳ್ಳುವವನು ಸೊಂಟಕ್ಕೆ ಕೈಯಿಟ್ಟು ‘ಹ್ಞಾ, ಎತ್ತು’ ಎನ್ನುತ್ತಾನಲ್ಲ, ಅದಕ್ಕೆ ಹತ್ತಿರವಾದದ್ದು.

ಆ ಪದದ ಹಿಂದೆ ಬರೀ ಪ್ರಭಾವವಲ್ಲ, ಕಸುಬೂ ಇತ್ತು. ಶಾಸಕನಾಗಿ ತಾನೇ ಮಂಡಿಸಿ ಕಾನೂನಾಗಿಸಿದ ಮಸೂದೆಗಳು 33 ಎಂದು ಲೆಕ್ಕ ಹಾಕುತ್ತಾರೆ. ಜಪಾನಿನಲ್ಲಿ ಮಸೂದೆ ಬರೆಯುವುದು ಅಧಿಕಾರಿಗಳ ಕೆಲಸ, ಆದ್ದರಿಂದ ಇದು ಬಹಳ ಅಪರೂಪ. ಪೆಟ್ರೋಲ್ ತೆರಿಗೆಯ ಹಣವನ್ನು ರಸ್ತೆಗಳಿಗಾಗಿಯೇ ಮೀಸಲಿಟ್ಟ 1953ರ ಕಾನೂನಿನ ಹಿಂದೆ ಆತನಿದ್ದ. ಆ ಮೀಸಲು 2009ರವರೆಗೂ ನಡೆಯಿತು. 1957ರಲ್ಲಿ, 39ನೇ ವಯಸ್ಸಿನಲ್ಲಿ ಅಂಚೆ ಮತ್ತು ದೂರಸಂಪರ್ಕ ಸಚಿವನಾಗಿ ಹತ್ತಾರು ಟೀವಿ ಕೇಂದ್ರಗಳಿಗೆ ಒಟ್ಟಿಗೆ ಪರವಾನಗಿ ಕೊಟ್ಟ. 1962ರಲ್ಲಿ ಹಣಕಾಸು ಸಚಿವನಾದ. ಟೋಕಿಯೋ ವಿಶ್ವವಿದ್ಯಾಲಯದ ಪದವೀಧರರಿಂದಲೇ ತುಂಬಿದ್ದ ಆ ಇಲಾಖೆಯಲ್ಲಿ ಮೊದಲ ದಿನ, ತಾನು ಪ್ರಾಥಮಿಕ ಶಾಲೆ ಓದಿದವನೆಂದೂ ಅವರೆಲ್ಲ ದೇಶದ ಬುದ್ಧಿವಂತರೆಂದೂ, ಅವರು ಧೈರ್ಯವಾಗಿ ಕೆಲಸ ಮಾಡಲಿ, ಹೊಣೆಯೆಲ್ಲ ತನ್ನದೆಂದೂ ಹೇಳಿದನಂತೆ. ಈಗಲೂ ಜಪಾನಿನ ಕಂಪನಿಗಳ ತರಬೇತಿಗಳಲ್ಲಿ ಆ ಭಾಷಣವನ್ನು ಹೇಳಿಕೊಡುತ್ತಾರೆ. ನಾನೂ ಒಮ್ಮೆ ಅಂಥದರಲ್ಲಿ ಕುಳಿತು ಆಕಳಿಸಿದ್ದೇನೆ. ಆದರೆ 1963ರ ಜನವರಿಯ ಮಹಾಹಿಮಪಾತದಲ್ಲಿ ನಾಗಾವೋಕಾ ಊರು ಮೂರು ಮೀಟರ್ ಹಿಮದಡಿ ಹೂತುಹೋದಾಗ, ಹಿಮವನ್ನೂ ಭೂಕಂಪ ಮತ್ತು ಪ್ರವಾಹಗಳ ಸಾಲಿನಲ್ಲಿ ವಿಪತ್ತೆಂದು ಎಣಿಸಿ ಸರ್ಕಾರದ ಪರಿಹಾರ ಹರಿದು ಬಂದದ್ದು ಆಕಸ್ಮಿಕವಲ್ಲ. ಬೊಕ್ಕಸದ ಕೀಲಿ ಆಗ ಅಲ್ಲಿನವನ ಕೈಯಲ್ಲಿತ್ತು.

ಪ್ರಧಾನಿಯಾದ ಎರಡೂವರೆ ವರ್ಷಗಳನ್ನು ಬೇಗ ದಾಟಿಬಿಡುತ್ತೇನೆ. ಆತನ ಕಥೆಯಲ್ಲಿ ಅದು ಶಿಖರವೇ ಆದರೂ ನನ್ನ ಪ್ರಶ್ನೆಗೆ ಉತ್ತರ ಅಲ್ಲಿಲ್ಲ. 1972ರ ಜುಲೈನಲ್ಲಿ ಪಕ್ಷದೊಳಗಿನ ಪ್ರತಿಸ್ಪರ್ಧಿ ತಕೇಯೋ ಫುಕುದಾನನ್ನು ಸೋಲಿಸಿ 54ನೇ ವಯಸ್ಸಿಗೆ ಪ್ರಧಾನಿಯಾದಾಗ ಪತ್ರಿಕೆಗಳು ಬಡವನಾಗಿ ಹುಟ್ಟಿ ದೇಶವನ್ನಾಳಿದ ಹಿದೆಯೋಶಿಗೆ ಆತನನ್ನು ಹೋಲಿಸಿ ಕೊಂಡಾಡಿದವು. ಸೆಪ್ಟೆಂಬರಿನಲ್ಲಿ ಬೀಜಿಂಗಿಗೆ ಹೋಗಿ 29ರಂದು ಚೀನಾದೊಡನೆ ಸಂಬಂಧ ಸ್ಥಾಪಿಸುವ ಜಂಟಿ ಹೇಳಿಕೆಗೆ ಸಹಿ ಹಾಕಿದ. ಅಲ್ಲಿ ಮೊದಲ ರಾತ್ರಿಯ ಔತಣದಲ್ಲಿ, ಯುದ್ಧದಲ್ಲಿ ಚೀನಾದ ಜನರಿಗಾದದ್ದನ್ನು ಆತ ‘ಮೇಯ್ವಾಕು’, ಅಂದರೆ ತೊಂದರೆ, ಎಂದ. ಚೀನೀ ಅನುವಾದದಲ್ಲಿ ಅದು ಯಾರದೋ ಬಟ್ಟೆಯ ಮೇಲೆ ನೀರು ಚೆಲ್ಲಿದಾಗ ಹೇಳುವಷ್ಟು ಹಗುರವಾದ ಪದವಾಗಿ, ಚೀನಾದ ಪ್ರಧಾನಿ ಚೌ ಎನ್‌ಲೈ ಸಿಟ್ಟಾದರು. ಪದಗಳ ತೂಕದ ವಿಷಯದಲ್ಲಿ ತನಾಕಾ ಎಡವಿದ ಅಪರೂಪದ ಸಂದರ್ಭ ಅದು. ಇಡೀ ದೇಶವನ್ನು ಬುಲೆಟ್ ರೈಲು ಮತ್ತು ಹೆದ್ದಾರಿಗಳಿಂದ ಹೆಣೆದು ಹಿತ್ತಿಲನ್ನೂ ಮುಂಬಾಗಿಲನ್ನೂ ಸರಿಗಟ್ಟುವ ಆತನ ಯೋಜನೆಯ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಅದರಲ್ಲಿ ಹೆಸರು ಕಂಡ ಊರುಗಳಲ್ಲೆಲ್ಲ ಭೂಮಿಯ ಬೆಲೆ ಗಗನಕ್ಕೇರಿತು. 1973ರ ತೈಲ ಬಿಕ್ಕಟ್ಟು ಅದರ ಮೇಲೆ ಬಂದೆರಗಿತು. ತಾನು ಸೋಲಿಸಿದ್ದ ಫುಕುದಾನನ್ನೇ ಕರೆದು ಹಣಕಾಸು ಖಾತೆ ಕೊಡಬೇಕಾಯಿತು.

ಒಂದೇ ಪದ, ಇನ್ನೊಂದು ಕೋಣೆ

1974ರ ಅಕ್ಟೋಬರಿನಲ್ಲಿ ಒಂದು ಮಾಸಪತ್ರಿಕೆಯಲ್ಲಿ ತಕಾಶಿ ತಾಚಿಬಾನಾ ಎಂಬ ಯುವ ಪತ್ರಕರ್ತನ ದೀರ್ಘ ಲೇಖನ ಬಂತು. ಅದರಲ್ಲಿ ಗುಟ್ಟಿನ ಸಾಕ್ಷಿಗಳಿರಲಿಲ್ಲ. ಭೂ ದಾಖಲೆ, ಕಂಪನಿ ನೋಂದಣಿ, ರಾಜಕೀಯ ದೇಣಿಗೆಯ ವರದಿ, ಹೀಗೆ ಯಾರು ಬೇಕಾದರೂ ಕೇಳಿ ಪಡೆಯಬಹುದಾದ ಕಾಗದಗಳನ್ನು ರಾಶಿ ಹಾಕಿ, ವಿಳಾಸವಷ್ಟೇ ಇರುವ ಕಂಪನಿಗಳ ಜಾಲವನ್ನು ಬಿಡಿಸಿಟ್ಟಿದ್ದರು. ವರ್ಷಾಂತ್ಯದೊಳಗೆ ತನಾಕಾ ರಾಜೀನಾಮೆ ಕೊಟ್ಟ. 1976ರ ಫೆಬ್ರುವರಿಯಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯ ವಿಚಾರಣೆಯಲ್ಲಿ ಲಾಕ್‌ಹೀಡ್ ಕಂಪನಿ ಜಪಾನಿನಲ್ಲಿ ವಿಮಾನ ಮಾರಲು ಹಣ ಹಂಚಿದ ಸಂಗತಿ ಹೊರಬಂತು. ಜುಲೈ 27ರಂದು ಮಾಜಿ ಪ್ರಧಾನಿಯ ಬಂಧನವಾಯಿತು.

ಪ್ರಾಸಿಕ್ಯೂಷನ್ ಹೇಳಿದ ಕಥೆಯಂತೆ, 1972ರ ಆಗಸ್ಟಿನ ಒಂದು ಬೆಳಿಗ್ಗೆ ಮಾರುಬೇನಿ ಎಂಬ ದೊಡ್ಡ ವ್ಯಾಪಾರಿ ಸಂಸ್ಥೆಯ ಅಧ್ಯಕ್ಷ ಮೇಜಿರೋದ ಅದೇ ಮನೆಗೆ ಬಂದ. ಲಾಕ್‌ಹೀಡ್ ವಿಮಾನಗಳನ್ನು ಆಲ್ ನಿಪ್ಪಾನ್ ಏರ್‌ವೇಸ್ ಕೊಳ್ಳುವಂತೆ ಮಾಡಿದರೆ 50 ಕೋಟಿ ಯೆನ್ ಕೊಡುವುದಾಗಿ ಹೇಳಿದ. ತನಾಕಾ ಉತ್ತರವಾಗಿ ಅಂದದ್ದು ಅದೇ ಪದ, ‘ಯೊಶ್ಶಾ’. ಹಣ ನಾಲ್ಕು ಕಂತುಗಳಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿ ಕೈ ಬದಲಾಯಿಸಿತು. ರಸೀತಿಯಲ್ಲಿ ಹತ್ತು ಕೋಟಿ ಯೆನ್‌ಗೆ ನೂರು ‘ಪೀನಟ್ಸ್’ ಎಂಬ ಸಂಕೇತ, ನಮ್ಮ ಕಡಲೆಕಾಯಿ. ಹೀಗೆ ನಡೆದೇ ಇಲ್ಲವೆಂದು ತನಾಕಾ ಸಾಯುವವರೆಗೂ ಹೇಳಿದ. ಜಿಲ್ಲಾ ನ್ಯಾಯಾಲಯ ನಂಬಲಿಲ್ಲ. 1987ರಲ್ಲಿ ಹೈಕೋರ್ಟೂ ನಂಬಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿ ಬಾಕಿಯಿರುವಾಗಲೇ, 1993ರ ಡಿಸೆಂಬರ್ 16ರಂದು ಆತ ತೀರಿಕೊಂಡಿದ್ದರಿಂದ ಆತನ ಪ್ರಕರಣ ಮುಚ್ಚಿತು. 1995ರಲ್ಲಿ ಸಹ ಆರೋಪಿಗಳ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಲಂಚದ ಸಂಗತಿಯನ್ನು ಎತ್ತಿಹಿಡಿಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪದ. ಸುರಂಗ ಕೇಳಲು ಬಂದ ರೈತನಿಗೂ ವಿಮಾನ ಮಾರಲು ಬಂದ ವ್ಯಾಪಾರಿಗೂ ಒಂದೇ ಉತ್ತರ, ಒಂದೇ ಮನೆಯಲ್ಲಿ, ಬಹುಶಃ ಒಂದೇ ಬೀಸಣಿಗೆಯ ಗಾಳಿಯಲ್ಲಿ. ತನಾಕಾನನ್ನು ಮೆಚ್ಚುವವರು ಒಳ್ಳೆಯದನ್ನು ಮಾಡಿದ, ಒಂದು ತಪ್ಪೂ ಮಾಡಿದ ಎನ್ನುತ್ತಾರೆ. ಬೈಯುವವರು ಕೆಟ್ಟವನು, ಕೆಲವು ರಸ್ತೆ ಮಾಡಿಸಿದ ಎನ್ನುತ್ತಾರೆ. ಇಬ್ಬರೂ ಆತನನ್ನು ಎರಡು ತುಂಡು ಮಾಡುತ್ತಿದ್ದಾರೆ. ನನಗೆ ಅನಿಸುವುದು ಅಲ್ಲಿದ್ದದ್ದು ಒಂದೇ ಯಂತ್ರ ಎಂದು. ಪಕ್ಷದೊಳಗೆ ನೂರಕ್ಕೂ ಹೆಚ್ಚು ಸಂಸದರ ಬಣವನ್ನು ಸಾಕದಿದ್ದರೆ ಬಜೆಟ್ಟಿನ ಮೇಲೆ ಹಿಡಿತವಿಲ್ಲ. ಹಿಡಿತವಿಲ್ಲದಿದ್ದರೆ ಬೆಟ್ಟದೂರಿಗೆ ಸುರಂಗವಿಲ್ಲ. ಬಣ ಸಾಕಲು ಹಣ ಬೇಕು. ಹಣಕ್ಕೆ ಗುತ್ತಿಗೆದಾರರು, ಅವರಿಗೆ ಕಾಮಗಾರಿ, ಕಾಮಗಾರಿಗೆ ಬಜೆಟ್ಟು. ಚಕ್ರ ಎಲ್ಲಿಂದ ಶುರುವಾದರೂ ಅಲ್ಲಿಗೇ ಬರುತ್ತದೆ. ಈ ಚಕ್ರದಲ್ಲಿ ಸುರಂಗದ ಅರವನ್ನು ಮಾತ್ರ ಇಟ್ಟುಕೊಂಡು ಪೆಟ್ಟಿಗೆಯ ಅರವನ್ನು ಕಿತ್ತೆಸೆಯುತ್ತೇನೆಂದರೆ ಗಾಡಿ ಓಡುತ್ತಿತ್ತೇ ಎಂಬುದು ನನಗೆ ಗೊತ್ತಿಲ್ಲ. ಬಂಧನದ ನಂತರ ಪಕ್ಷ ಬಿಟ್ಟ ಮೇಲೂ ಓಹಿರಾ, ಸುಜುಕಿ, ನಾಕಾಸೋನೆ ಎಂಬ ಮೂವರು ಆತನ ಬೆಂಬಲದಿಂದಲೇ ಪ್ರಧಾನಿಗಳಾದರು. ಅದಕ್ಕೇ ಆತನನ್ನು ‘ಕತ್ತಲ ಶೋಗನ್’ ಎಂದು ಕರೆದರು (ಶೋಗನ್ ಎಂದರೆ ಹಿಂದೆ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ). ಹುದ್ದೆಯಿಲ್ಲದೆಯೂ ಆ ಯಂತ್ರ ತಿರುಗುತ್ತಿತ್ತು. 1985ರ ಫೆಬ್ರುವರಿಯಲ್ಲಿ ಸ್ವಂತ ಶಿಷ್ಯ ನೊಬೋರು ತಕೇಶಿತಾ ಬಣವನ್ನು ಒಡೆದ ಕೆಲವೇ ವಾರಗಳಲ್ಲಿ ಪಾರ್ಶ್ವವಾಯು ಬಡಿದು ಆ ಗೊಗ್ಗರು ಧ್ವನಿ ನಿಂತುಹೋಯಿತು. ಉಗ್ಗನ್ನು ಗೆದ್ದವನು ಕೊನೆಯ ಎಂಟು ವರ್ಷ ಮಾತು ಹುಡುಕುತ್ತಾ ಬದುಕಿದ. 1986ರಲ್ಲಿ ಒಂದು ದಿನವೂ ಪ್ರಚಾರಕ್ಕೆ ಬರದವನನ್ನು ಜನ ಮತ್ತೆ ಗೆಲ್ಲಿಸಿದರು.

‘ಅದು ಟೋಕಿಯೋದ ಹಣ’

ಉರಾಸಾದಿಂದ ನಾನು ಹಿಡಿದ ಟ್ಯಾಕ್ಸಿಯ ಚಾಲಕರಿಗೆ ಎಪ್ಪತ್ತು ದಾಟಿತ್ತು. ಈ ವರ್ಷ ಹಿಮ ತೀರಾ ಕಡಿಮೆ, ಇದು ಹಿಮವೇ ಅಲ್ಲ ಎಂದು ಅವರು ಮೊದಲೇ ಕ್ಷಮೆ ಕೇಳುವವರಂತೆ ಹೇಳಿದರು. ನನ್ನ ಕಣ್ಣಿಗೆ ಸುತ್ತಲೂ ಬಿಳಿಯೇ ಕಾಣುತ್ತಿತ್ತು. ರಸ್ತೆಯ ನಡುವಿನ ಸಣ್ಣ ತೂತುಗಳಿಂದ ಅಂತರ್ಜಲ ಚಿಮ್ಮಿ ಹಿಮ ಕರಗಿಸುವ ವ್ಯವಸ್ಥೆ ಈ ಪ್ರಾಂತ್ಯದಲ್ಲೆಲ್ಲ ಇದೆ. ಆ ನೀರಿನಲ್ಲಿ ಕಬ್ಬಿಣದ ಅಂಶವಿರುವುದರಿಂದ ಹಲವು ರಸ್ತೆಗಳು ತುಕ್ಕು ಹಿಡಿದ ಹಾಗೆ ಕೆಂಪಗಿರುತ್ತವೆ. ಪ್ರತಿಮೆ ನೋಡಿದೆ ಎಂದೆ. ಅವರು ಸ್ವಲ್ಪ ದೂರ ಸುಮ್ಮನೆ ಗಾಡಿ ಓಡಿಸಿ, ಕೇಳದೆಯೇ ತಮ್ಮ ಅಪ್ಪನ ಬಗ್ಗೆ ಹೇಳತೊಡಗಿದರು.

ಕೊಯ್ಲು ಮುಗಿದು ಹಿಮ ಬೀಳುವ ಹೊತ್ತಿಗೆ ಊರಿನ ಗಂಡಸರೆಲ್ಲ ‘ದೆಕಾಸೆಗಿ’ಗೆ, ಅಂದರೆ ಹೊರಗಿನ ದುಡಿಮೆಗೆ, ಟೋಕಿಯೋ ಕಡೆ ಹೋಗುತ್ತಿದ್ದರು. ಕಟ್ಟಡ, ಸುರಂಗ, ಮದ್ಯದ ಭಟ್ಟಿ, ಎಲ್ಲಿ ಸಿಕ್ಕರೆ ಅಲ್ಲಿ. ಮನೆಯಲ್ಲಿ ಹೆಂಗಸರು, ಮುದುಕರು, ಮಕ್ಕಳು. ಮಾಡಿನ ಹಿಮ ಇಳಿಸುವವರು ತಾಯಿ ಮತ್ತು ಅಜ್ಜ. ಮಹಡಿಯ ಕಿಟಕಿಯೇ ಬಾಗಿಲು. ಅಪ್ಪ ಬರುವುದು ಗದ್ದೆಯ ಹಿಮ ಕರಗಿದ ಮೇಲೆ. ‘ಚಳಿಗಾಲದಲ್ಲಿ ಅಪ್ಪನ ಮುಖ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ’ ಎಂದರು. ರಸ್ತೆ ಬಂತು, ಚಳಿಗಾಲದಲ್ಲೂ ತೆರೆದಿರುವ ರಸ್ತೆ. ಅದರ ಹಿಂದೆ ಸಣ್ಣ ಕಾರ್ಖಾನೆ ಬಂತು, ರಸ್ತೆ ಕಾಮಗಾರಿಯಲ್ಲೇ ಕೂಲಿಯೂ ಸಿಕ್ಕಿತು. ಒಂದು ವರ್ಷ ಅಪ್ಪ ಹೋಗಲಿಲ್ಲ. ಮನೆಯವರೆಲ್ಲ ಒಟ್ಟಿಗೆ ಕುಳಿತು ಉಂಡ ಆ ಹೊಸವರ್ಷವನ್ನು ಅವರು ಬಣ್ಣಿಸಲಿಲ್ಲ. ಯಾವ ತಟ್ಟೆಯಲ್ಲಿ ಯಾವ ಮೀನಿತ್ತೆಂಬುದನ್ನು ಮಾತ್ರ ಹೇಳಿದರು. ಮಲೆನಾಡಿನ ಹೊಳೆಯಾಚೆಯ ಮನೆಯಲ್ಲಿ ಬೆಳೆದು, ಮಳೆಗಾಲದ ಮೂರು ತಿಂಗಳು ಅಡಿಕೆ ಮರದ ಕಾಲುಸಂಕವೇ ಗತಿ ಎಂದು ಬದುಕಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಗಾದರೆ ಆ 50 ಕೋಟಿ ಯೆನ್, ಎಂದು ಕೇಳಿದೆ. ಕೇಳಬಾರದಿತ್ತೇನೋ. ಅವರು ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿ, ‘ಅದು ಟೋಕಿಯೋದ ಹಣ’ ಎಂದರು. ‘ನಮ್ಮಿಂದ ತೆಗೆದದ್ದಲ್ಲ.’

ಈ ಮಾತು ನನ್ನೊಂದಿಗೆ ಬಹಳ ದಿನ ಉಳಿಯಿತು. ಅದರಲ್ಲಿ ನ್ಯಾಯದ ಒಂದು ಲೆಕ್ಕವಿದೆ. ತಲೆಮಾರುಗಳಿಂದ ಬೆಟ್ಟ ದಾಟಿ ಹೋದ ಕೂಲಿ, ಅಕ್ಕಿ ಮತ್ತು ವಿದ್ಯುತ್ತಿನ ಬಾಕಿಯನ್ನು ಒಬ್ಬ ನಮ್ಮವನು ವಸೂಲಿ ಮಾಡಿದ, ದಾರಿಯಲ್ಲಿ ತಾನೂ ಒಂದಿಷ್ಟು ತೆಗೆದುಕೊಂಡ, ತೆಗೆದುಕೊಳ್ಳಲಿ. 1983ರ ಚಳಿಗಾಲದಲ್ಲಿ ಟೋಕಿಯೋದಿಂದ ಬಂದ ಪತ್ರಕರ್ತರು ನೀತಿಪಾಠ ಹೇಳಿದಷ್ಟೂ ಮತ ಹೆಚ್ಚಿತು. ಖ್ಯಾತ ಲೇಖಕ ಅಕಿಯುಕಿ ನೊಸಾಕಾ ತನಾಕಾನ ವಿರುದ್ಧವೇ ಬಂದು ನಿಂತು ಸೋತರು. ಹಿತ್ತಿಲಿನವರಿಗೆ ಮುಂಬಾಗಿಲಿನವರು ಶುಚಿತ್ವ ಹೇಳಿಕೊಡುವಾಗ ಹುಟ್ಟುವ ಕೆರಳಿಕೆ ಆ ಸಂಖ್ಯೆಯೊಳಗೆ ಖಂಡಿತ ಇದೆ.

ಆದರೆ ಆ ಲೆಕ್ಕ ಪೂರ್ತಿ ಸರಿಯಲ್ಲ. ತಾಚಿಬಾನಾ ತೆರೆದಿಟ್ಟ ಕಡತಗಳಲ್ಲಿ ಶಿನಾನೋ ನದಿಯ ಪಾತ್ರದ ಜಮೀನಿನ ಕಥೆಯಿದೆ. ನಾಗಾವೋಕಾ ಊರಿನ ಬಳಿ, ನದಿ ಉಕ್ಕಿದಾಗ ಮುಳುಗುವ ಸುಮಾರು 70 ಹೆಕ್ಟೇರ್ ಭೂಮಿಯನ್ನು 1960ರ ದಶಕದ ನಡುವೆ ತನಾಕಾ ಬಳಗದ ಮುರೋಮಾಚಿ ಸಾಂಗ್ಯೋ ಎಂಬ ಕಂಪನಿ ರೈತರಿಂದ ಅಗ್ಗದ ಬೆಲೆಗೆ ಕೊಂಡಿತು. ಅದಾದ ಮೇಲೆ ಸರ್ಕಾರ ಅಲ್ಲಿ ಗಟ್ಟಿ ಒಡ್ಡು ಕಟ್ಟಿತು, ಸೇತುವೆ ಬಂತು, ಬೆಲೆ ಹಲವು ಪಟ್ಟು ಏರಿತು. ಆ ಜಮೀನು ಮಾರಿದವರು ಟೋಕಿಯೋದವರಲ್ಲ, ಇಲ್ಲಿಯವರೇ, ಬಹುಪಾಲು ಆತನಿಗೇ ಮತ ಹಾಕಿದವರು. ಇದನ್ನು ಚಾಲಕರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವರಿಗೆ ಗೊತ್ತಿರಲಿಲ್ಲವೆಂದು ನಾನು ನಂಬುವುದೂ ಇಲ್ಲ.

ಇನ್ನೊಂದು ಇದೆ. ತನಾಕಾ ಹುಟ್ಟಿದ ಹಳ್ಳಿ ಇಂದು ಕಾಶಿವಾಜಾಕಿ ನಗರದ ಭಾಗ. ಅಲ್ಲಿಯ ಕಡಲತೀರದಲ್ಲಿ ಏಳು ರಿಯಾಕ್ಟರುಗಳ, 8,212 ಮೆಗಾವಾಟ್ ಸಾಮರ್ಥ್ಯದ, ಜಗತ್ತಿನ ಅತಿ ದೊಡ್ಡ ಅಣುವಿದ್ಯುತ್ ಸ್ಥಾವರವಿದೆ. ವಿದ್ಯುತ್ ಸ್ಥಾವರಗಳನ್ನು ಒಪ್ಪಿಕೊಂಡ ಊರುಗಳಿಗೆ ಅನುದಾನ ಹರಿಸುವ ಮೂರು ಕಾನೂನುಗಳು 1974ರಲ್ಲಿ ಆತನ ಸರ್ಕಾರದಲ್ಲೇ ಬಂದವು. ಆ ಹಣದಿಂದ ಸಭಾಂಗಣಗಳೂ ಕ್ರೀಡಾಂಗಣಗಳೂ ಎದ್ದವು. ಸ್ಥಾವರ ಟೋಕಿಯೋ ಎಲೆಕ್ಟ್ರಿಕ್ ಪವರ್ ಕಂಪನಿಯದು, ವಿದ್ಯುತ್ ಬೆಟ್ಟ ದಾಟಿ ಟೋಕಿಯೋದತ್ತ ಹೋಗುವಂಥದು. ನೀಗಾತದ ಮನೆಗಳ ದೀಪ ಉರಿಯುವುದು ತೊಹೋಕು ಎಂಬ ಬೇರೊಂದು ಕಂಪನಿಯ ವಿದ್ಯುತ್ತಿನಿಂದ. 2007ರ ಜುಲೈನ ಭೂಕಂಪದಲ್ಲಿ ಸ್ಥಾವರದ ಟ್ರಾನ್ಸ್‌ಫಾರ್ಮರ್ ಹೊತ್ತಿ ಉರಿದಾಗ ಆ ಕಪ್ಪು ಹೊಗೆಯನ್ನು ನೋಡುತ್ತಾ ನಿಂತವರು ಇಲ್ಲಿಯವರು. ಹಿತ್ತಿಲು ಮುಂಬಾಗಿಲಾಗಲಿಲ್ಲ, ಹಿತ್ತಿಲಿಗೆ ಒಳ್ಳೆಯ ಕಾಂಕ್ರೀಟ್ ನೆಲ ಬಂತು.

ಪಿಕಾಸಿಯ ಗುರುತು

2024ರ ಶರತ್ಕಾಲದಲ್ಲಿ ಮತ್ತೆ ಹೋದೆ. ಈ ಸಲ ಯಾಮಾಕೋಶಿಯ ಕೊಮಾತ್ಸುಗುರಾ ಎಂಬ ಪುಟ್ಟ ಊರಿನ ನಾಕಾಯಾಮಾ ಸುರಂಗ ನೋಡಲು. ಇದಕ್ಕೂ ತನಾಕಾನಿಗೂ ಸಂಬಂಧವಿಲ್ಲ, ಅದಕ್ಕೇ ಹೋದದ್ದು. ಚಳಿಗಾಲದಲ್ಲಿ ನಾಲ್ಕು ಮೀಟರ್ ಹಿಮ ಬೀಳುವ ಕಣಿವೆಯ ದಾರಿಯಲ್ಲಿ ರೋಗಿಗಳನ್ನು ಹೊತ್ತು ಸಾಗಬೇಕಾಗಿದ್ದ ಊರಿನವರು 1933ರಲ್ಲಿ ತಾವೇ ಬೆಟ್ಟ ಕೊರೆಯಲು ಶುರುಮಾಡಿದರು. ಪಿಕಾಸಿಯಲ್ಲಿ ಅಗೆಯುವುದು, ಮಣ್ಣನ್ನು ತಳ್ಳುಗಾಡಿಯಲ್ಲಿ ಹೊರಹಾಕುವುದು. ಯುದ್ಧದ ನಡುವೆ ನಿಂತು, ಮತ್ತೆ ಶುರುವಾಗಿ, 1949ರಲ್ಲಿ ಆಚೆ ಬದಿ ಬೆಳಕು ಕಂಡಿತು. ಹದಿನಾರು ವರ್ಷ, 900 ಮೀಟರಿನಷ್ಟು ದೂರ. 1998ರಲ್ಲಿ ಪಕ್ಕದಲ್ಲಿ ದೊಡ್ಡ ಸುರಂಗ ಬರುವವರೆಗೂ ಜನ ಇದನ್ನೇ ಬಳಸಿದರು.

ಬಾಯಿಯಿಂದ ಸ್ವಲ್ಪ ದೂರ ಒಳಗೆ ಹೋಗಬಹುದು. ತಂಪು, ಹಸಿಮಣ್ಣಿನ ವಾಸನೆ. ಇಬ್ಬರು ಎದುರುಬದುರಾದರೆ ಒಬ್ಬ ಗೋಡೆಗೆ ಒತ್ತಿಕೊಳ್ಳಬೇಕಾದಷ್ಟು ಅಗಲ. ಗೋಡೆಯ ಮೇಲೆ ಪಿಕಾಸಿಯ ಗುರುತುಗಳು ಇನ್ನೂ ಇವೆ, ಒಂದೊಂದು ಹೊಡೆತವೂ ಬೇರೆ ಬೇರೆಯಾಗಿ ಕಾಣುತ್ತದೆ. ಒಂದು ಗುರುತಿಗೆ ಬೆರಳಿಟ್ಟು ನಿಂತೆ. ಮಣ್ಣು ಗಟ್ಟಿ, ಆದರೆ ಕಲ್ಲಿನಷ್ಟಲ್ಲ. ಹೊಡೆದರೆ ಒಂದು ಹಿಡಿ ಬರಬಹುದು. ಹೀಗೆ ಒಂದು ಹಿಡಿ, ಇನ್ನೊಂದು ಹಿಡಿ ಎಂದು ಸುರಂಗ ಕೊರೆದವರ ಸೀಮೆಯಲ್ಲಿ ಒಬ್ಬ ಬಂದು ‘ಯೊಶ್ಶಾ’ ಎನ್ನುತ್ತಾನೆ, ಯಂತ್ರಗಳು ಬರುತ್ತವೆ. ಇಲ್ಲಿಂದ ಹೆಚ್ಚು ದೂರವಿಲ್ಲದ ಓಜಿಯಾದ ಶಿಯೋದಾನಿಗೆ, 60 ಮನೆಗಳಿದ್ದ ಊರಿಗೆ, 1980ರ ದಶಕದ ಆರಂಭದಲ್ಲಿ 120 ಕೋಟಿ ಯೆನ್ ಖರ್ಚಿನ ಸುರಂಗ ಬಂದಾಗ, ಸರ್ಕಾರಿ ಹಣ ಪೋಲಾದ ಉದಾಹರಣೆಯಾಗಿ ಇಡೀ ದೇಶ ಅದನ್ನು ಎತ್ತಿ ತೋರಿಸಿತು. ಮನೆಯೊಂದಕ್ಕೆ ಎರಡು ಕೋಟಿ ಯೆನ್ ಎಂದು ಭಾಗಾಕಾರ ಮಾಡಿದವರಿಗೆ ಈ ಗೋಡೆಯ ಗುರುತುಗಳು ಗೊತ್ತಿರಲಿಲ್ಲ. ಸುರಂಗಕ್ಕೆ ಎಷ್ಟು ಬೆಲೆಯೆಂಬುದನ್ನು ಹೆಗಲಿನಿಂದಲೇ ಲೆಕ್ಕ ಹಾಕಬಲ್ಲವರು ಆ ಸೀಮೆಯಲ್ಲಿದ್ದರು. 2,20,761 ಮತಗಳಲ್ಲಿ ಎಷ್ಟೋ ಇಂಥ ಹೆಗಲುಗಳವು.

2004ರ ಅಕ್ಟೋಬರ್ 23ರ ಭೂಕಂಪದಲ್ಲಿ ಯಾಮಾಕೋಶಿಯ ರಸ್ತೆಗಳೆಲ್ಲ ಕುಸಿದು, ಸುಮಾರು 2,000 ಜನರ ಇಡೀ ಊರನ್ನೇ ಖಾಲಿ ಮಾಡಿಸಬೇಕಾಯಿತು. ರಸ್ತೆಗಳನ್ನು ಮತ್ತೆ ಕಟ್ಟಿದರು, ಮೊದಲಿಗಿಂತ ಚೆನ್ನಾಗಿ. ಜನ ಮೊದಲಿನಷ್ಟು ಹಿಂದಿರುಗಲಿಲ್ಲ. ಸುರಂಗದಿಂದ ಇಳಿದು ಬರುವ ದಾರಿಯಲ್ಲಿ ಮೀನಿನ ಕೊಳಗಳು ಹೊಳೆಯುತ್ತಿದ್ದವು. ರಸ್ತೆ ನುಣುಪಾಗಿತ್ತು. ಎದುರಿನಿಂದ ಬಂದ ವಾಹನಗಳನ್ನು ಎಣಿಸಲು ಒಂದು ಕೈ ಸಾಕಾಯಿತು.

ಸಂಜೆ ಉರಾಸಾಕ್ಕೆ ಬಂದು ರೈಲಿಗೆ ಕಾಯುತ್ತಾ ಕುಳಿತೆ. ಚಳಿಗಾಲದ ಆ ಟ್ಯಾಕ್ಸಿ ಚಾಲಕರು ಇಳಿಸುವಾಗ ಹೇಳಿದ್ದ ಕೊನೆಯ ಮಾತು ನೆನಪಾಯಿತು. ಅವರ ಇಬ್ಬರು ಮಕ್ಕಳೂ ಇರುವುದು ಟೋಕಿಯೋ ಪಕ್ಕದ ಸೈತಾಮಾದಲ್ಲಿ, ನಾನಿರುವ ಊರಿನಿಂದ ಎರಡು ನಿಲ್ದಾಣ ಆಚೆ. ಹೊಸವರ್ಷಕ್ಕೆ ಬುಲೆಟ್ ರೈಲಿನಲ್ಲಿ ಬರುತ್ತಾರೆ, ಮೂರನೇ ತಾರೀಖು ಹೊರಡುತ್ತಾರೆ. ಅಪ್ಪನಾದರೆ ಹಿಮ ಕರಗಿದ ಮೇಲೆ ಬರುತ್ತಿದ್ದರು ಎಂದು ನಕ್ಕು ಬಾಗಿಲು ತೆರೆದಿದ್ದರು. ರೈಲು ಸಮಯಕ್ಕೆ ಸರಿಯಾಗಿ ಬಂತು. ಇಲ್ಲಿಂದ ಸೈತಾಮಾಕ್ಕೆ ಒಂದು ಗಂಟೆಯ ಮೇಲೆ ಕೆಲವು ನಿಮಿಷ.